ಹಾಡಿನ ನಡುವಿನ ಮೋರಿ

ಹಲ್ಲುಜ್ಜುತ್ತಿದ್ದವನ ಕೈ ತಾನಾಗಿಯೇ ತಾಳ ಹಿಡಿಯಿತು. ಬ್ರಷ್ಷು ಎಡದವಡೆಯಿಂದ ಬಲದವಡೆಗೆ ಏರುವಾಗ ತಲೆಯೊಳಗಿನ ಆ ರಾಗದ ತುಣುಕೂ ಏರಿತು, ತುದಿಗೆ ಹೋಗಿ ಬೀಳುವವನ ಹಾಗೆ ಒಂದು ಗಳಿಗೆ ತೂಗಿತು, ಆಮೇಲೆ ಮೆಟ್ಟಿಲ ಮೇಲಿಂದ ಬಟಾಣಿ ಚೆಲ್ಲಿದಂತೆ ದಡದಡ ಇಳಿಯಿತು. ಅವನು ಉಗಿದ. ನೊರೆ ಹೋಯಿತು, ತುಣುಕು ಹೋಗಲಿಲ್ಲ. ಎರಡು ವಾರದಿಂದ ಇದೇ ಪಾಡು. ನೀರು ಕುದಿಯುವ ಸದ್ದಿನಲ್ಲಿ ಅದು, ಪಕ್ಕದ ಮನೆಯಾಕೆ ಗಂಡನನ್ನು ಬೈಯುವ ಏರಿಳಿತದಲ್ಲಿ ಅದು, ಕೊನೆಗೆ ತನ್ನದೇ ಆಕಳಿಕೆಯಲ್ಲೂ ಅದು. ಮನುಷ್ಯನ ತಲೆಗೆ ಬಾಗಿಲು ಇಟ್ಟವನು ಚಿಲಕ ಇಡಲು ಮರೆತಿದ್ದಾನೆ ಎಂದು ಕನ್ನಡಿಯೊಳಗಿನ ಮುಖಕ್ಕೆ ಹೇಳಬೇಕೆನಿಸಿತು. ಆ ಮುಖ ಮೊದಲೇ ಕಂಗೆಟ್ಟಿತ್ತು. ಇವತ್ತು ಸಂಜೆ ಐದರೊಳಗೆ ಕಾಲೇಜಿನ ಆಫೀಸಿಗೆ ಫೋನು ಮಾಡಿ, ಪಿಟೀಲಿನಲ್ಲಿ ಸ್ನಾತಕೋತ್ತರ ಓದಲು ಬರುತ್ತೇನೆ ಎನ್ನಬೇಕು, ಇಲ್ಲ ಬರುವುದಿಲ್ಲ ಎನ್ನಬೇಕು. ಇಡೀ ವಾರ ಬಾಯಿ ತುಂಬ ಮಾತಾಡಿದವನಿಗೆ ಈ ಎರಡರಲ್ಲಿ ಒಂದನ್ನು ಆಡಲು ಆಗುತ್ತಿಲ್ಲ. ಹಣವಿಲ್ಲ ಎನ್ನುವ ಗೌರವಸ್ಥ ನೆಪವೊಂದಿತ್ತು. ಪುಕ್ಕಟೆ ಓದಿಸುತ್ತೇವೆ ಎಂದು ಹೇಳಿ ಆ ಬಡಪಾಯಿ ನೆಪವನ್ನೂ ಅವರೇ ಕಿತ್ತುಕೊಂಡಿದ್ದರು.

"ಒಳಗೆ ಏನ್ ಮಾಡ್ತಿದ್ದೀಯೋ, ಸ್ನಾತಕೋತ್ತರ?" ಚಿಕ್ಕಪ್ಪ ಬಾಗಿಲು ತಟ್ಟಿದ.

"ಹಲ್ಲುಜ್ತಿದ್ದೀನಿ."

"ಸ್ನಾತಕ ಅಂದ್ರೆ ಸ್ನಾನ ಮುಗಿಸಿದೋನು ಅಂತೆ. ಸ್ನಾತಕೋತ್ತರ ಅಂದ್ರೆ ಸ್ನಾನ ಮುಗಿದ್ಮೇಲೂ ಬಚ್ಚಲು ಬಿಟ್ಟು ಬರದೋನು. ನಂಗೂ ಹೊಟ್ಟೆ ಅಂತ ಒಂದಿದೆ ಕಣಪ್ಪ."

ಈ ಮಾತನ್ನು ಚಿಕ್ಕಪ್ಪ ಕಾಲೇಜಿನಿಂದ ಫೋನು ಬಂದ ದಿನವೇ ಕಟ್ಟಿಟ್ಟುಕೊಂಡು, ಸರಿಯಾದ ಬಾಗಿಲು ಸಿಗಲಿ ಎಂದು ಕಾದಿದ್ದಿರಬೇಕು. ಫೋನು ಬಂದದ್ದು ಕೆಳಗಿನ ಲಾಂಡ್ರಿಗೆ. ಹಾಗಾಗಿ ವಿಷಯ ಅವನಿಗಿಂತ ಮೊದಲು ಇಡೀ ಕಟ್ಟಡಕ್ಕೆ ಗೊತ್ತಾಗಿತ್ತು. ಲಾಂಡ್ರಿಯವನು ಒದ್ದೆ ಕೈಯಲ್ಲೇ ಕೈಕುಲುಕಿ, "ಇನ್ಮೇಲೆ ನಿಮ್ಮ ಶರ್ಟಿಗೆ ಗಂಜಿ ಜಾಸ್ತಿ ಹಾಕ್ಬೇಕು" ಎಂದಿದ್ದ. ಅಪ್ಪ ಮಾತ್ರ ಪಿಟೀಲಿನ ಧೂಳು ಒರೆಸುತ್ತ, ತಲೆ ಎತ್ತದೆ, "ನಿನ್ನಿಷ್ಟ" ಎಂದಿದ್ದ. ಬೇಡ ಎಂದಿದ್ದರೆ ಜಗಳ ಆಡಬಹುದಿತ್ತು, ಹೋಗು ಎಂದಿದ್ದರೆ ಹಟ ಹಿಡಿದು ಉಳಿಯಬಹುದಿತ್ತು. ನಿನ್ನಿಷ್ಟ ಎಂದವನ ಜೊತೆ ಏನು ಮಾಡುವುದು? ಹೆತ್ತವರು ಮಕ್ಕಳಿಗೆ ಹೊಡೆಯುವುದನ್ನು ಬಿಟ್ಟ ಮೇಲೆ ಕಂಡುಹಿಡಿದ ಮಾತಿರಬೇಕು ಅದು.

ಅಪ್ಪ, ಚಿಕ್ಕಪ್ಪ ಮತ್ತು ಅವನು ರೈಲ್ವೆ ಸ್ಟೇಷನ್ನಿನ ಎದುರಿನ ಹೋಟೆಲಿನಲ್ಲಿ, ಜನ ಊಟ ಮಾಡುವಾಗ ನುಡಿಸುತ್ತಾರೆ. ಅಪ್ಪನಿಗೂ ಅವನಿಗೂ ಪಿಟೀಲು. ಚಿಕ್ಕಪ್ಪನದು ಆಳೆತ್ತರದ, ನಿಂತು ತಬ್ಬಿಕೊಂಡು ನುಡಿಸುವ ವಾದ್ಯ. ಅದಕ್ಕೆ ಒಳ್ಳೆಯ ಹೆಸರೇನೋ ಇದೆ, ಮನೆಯಲ್ಲಿ ಮಾತ್ರ ಅದು ಎಮ್ಮೆ. ಅದರ ಬಣ್ಣಕ್ಕೆ, ದನಿಗೆ, ಮಹಡಿ ಹತ್ತಿಸುವಾಗ ಅದು ತೋರುವ ಹಟಕ್ಕೆ ಬೇರೆ ಹೆಸರು ಒಪ್ಪುವುದಿಲ್ಲ. ಹೋಟೆಲಿನ ಮ್ಯಾನೇಜರಿಗೆ ಸಂಗೀತದ ಬಗ್ಗೆ ಇರುವುದು ಒಂದೇ ಕಾನೂನು. "ಏನ್ ಬೇಕಾದ್ರೂ ನುಡ್ಸಿ, ನಿಲ್ಲಿಸ್ಬೇಡಿ. ಸಂಗೀತ ನಿಂತ್ರೆ ಜನಕ್ಕೆ ತಾವು ಅಗಿಯೋದು ತಮಗೇ ಕೇಳುತ್ತೆ. ಕೇಳಿದೋನು ಎರಡನೇ ಸಲ ಹಾಕಿಸ್ಕೊಳಲ್ಲ." ಹೀಗಾಗಿ ಆ ಮೂವರು ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಅಂಟಿಸಿ ನುಡಿಸುವುದನ್ನು ಕಲಿತಿದ್ದರು. ಒಬ್ಬನಿಗೆ ಕೆಮ್ಮು ಬಂದರೆ ಇಬ್ಬರು ಮುಚ್ಚುತ್ತಿದ್ದರು. ತಂತಿ ಹರಿದರೆ ಎಮ್ಮೆ ಒಂದೇ ಮುಂದೆ ನಡೆದು, ಹೊಸ ತಂತಿ ಕಟ್ಟುವ ತನಕ ಹೊಲ ಕಾಯುತ್ತಿತ್ತು. ಅಜ್ಜಿ ತೀರಿಕೊಂಡ ಸುದ್ದಿಯನ್ನು ಸರ್ವರ್ ಕಿವಿಯಲ್ಲಿ ಹೇಳಿದಾಗ ಅಪ್ಪ ತಲೆಯಾಡಿಸಿ, ಹಾಡನ್ನು ಕೊನೆ ಮುಟ್ಟಿಸಿ, ಅದರ ಮುಂದಿನದನ್ನು ಅವನಿಗೆ ಹಿಡಿಸಿ, ಆಮೇಲೆ ಎದ್ದುಹೋಗಿದ್ದ.

ಅವರಲ್ಲಿ ಯಾರಿಗೂ ಸ್ವರ ಬರೆದದ್ದನ್ನು ಓದಲು ಬಾರದು. ಎಲ್ಲ ಕಿವಿಯಿಂದಲೇ ಕಲಿತದ್ದು. ದಿನವೂ ತಪ್ಪದೆ ನುಡಿಸುವ ಒಂದು ಕುಣಿತದ ಹಾಡಿದೆ. ಮದುವೆಗೆ ಮುಂಚೆ ಅಪ್ಪ ಎಲ್ಲಿಂದಲೋ ತಂದ ಕ್ಯಾಸೆಟ್ಟಿನಲ್ಲಿ ಬಂದದ್ದು. ಆ ಕ್ಯಾಸೆಟ್ಟು ನಡುವೆ ಒಂದು ಕಡೆ ಹಾರುತ್ತದೆ. ಒಳ್ಳೆ ದಾರಿಯಲ್ಲಿ ಹೋಗುತ್ತಿದ್ದ ಹಾಡು ಇದ್ದಕ್ಕಿದ್ದಂತೆ ಬೇರೆ ಬೀದಿಯಲ್ಲಿ ಇರುತ್ತದೆ. ಮಷೀನಿಗೆ ಸಿಕ್ಕಿ ಟೇಪು ಹಾಳಾಗಿದೆ ಎಂದು ಅವನು ತಿಳಿದಿದ್ದ. ಚಿಕ್ಕವನಿದ್ದಾಗ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಕಲಿಸುವಾಗ ಅಪ್ಪ, "ಇಲ್ಲಿ ಮೋರಿ ಇದೆ, ಕಾಲೆತ್ತು, ಹಾರು" ಎನ್ನುತ್ತಿದ್ದ. ಅವನು ಎಡಹಿಮ್ಮಡಿ ಎತ್ತಿ ಹಾರುತ್ತಿದ್ದ. ಇವತ್ತಿಗೂ ಆ ಜಾಗ ಬಂದಾಗ ಮೂವರ ಎಡಹಿಮ್ಮಡಿಯೂ ಒಟ್ಟಿಗೆ ಏಳುತ್ತದೆ. ಊಟಕ್ಕೆ ಕೂತವರು ಕುಣಿತವೆಂದುಕೊಳ್ಳುತ್ತಾರೆ. ಆಚೆ ದಡದಲ್ಲಿ ಎಮ್ಮೆಯ 'ಧಂ' ಕೇಳಿದ ಮೇಲೆಯೇ ಪಿಟೀಲುಗಳು ಕಾಲೂರಬೇಕು. ಅದು ವಾಡಿಕೆ.

ಎರಡು ವಾರದ ಹಿಂದೆ, ಕಾಲೇಜಿನ ಸಂದರ್ಶನದ ಕೋಣೆಯಲ್ಲಿ ಎಮ್ಮೆ ಇರಲಿಲ್ಲ. ಅಷ್ಟೇ ಆದದ್ದು. ಕೋಣೆಗೆ ಮೇಣದ ವಾಸನೆ, ಮೇಜಿನ ಹಿಂದೆ ಮೂವರು. ನಡುವಿನ ಗಡ್ಡದ ಮೇಷ್ಟ್ರು ಕಣ್ಣು ಮುಚ್ಚಿ ಕೇಳುತ್ತಿದ್ದರು, ಅಥವಾ ಊಟದ ಮೇಲಿನ ನಿದ್ದೆಯಲ್ಲಿದ್ದರು. ಹಾಡು ಮೋರಿಯ ಹತ್ತಿರ ಬಂದಾಗ ಅವನ ಹಿಮ್ಮಡಿ ಎದ್ದಿತು, ಕಿವಿ ಆಚೆ ದಡದ 'ಧಂ'ಗೆ ಕಾಯಿತು. ಧಂ ಬರಲಿಲ್ಲ. ಬರುವುದಾದರೂ ಎಲ್ಲಿಂದ? ಒಂಟಿಕಾಲಿನಲ್ಲಿ, ಕಮಾನು ಗಾಳಿಯಲ್ಲಿ, ಬಾಯಿ ತುಸು ತೆರೆದು, ಅವನು ನಿಂತೇ ನಿಂತ. ಮೂವರೂ ಕಣ್ಣು ಬಿಟ್ಟು ನೋಡಿದರು. ಕೊನೆಗೆ ಮರ್ಯಾದೆಯೇ ಹಿಂದಿನಿಂದ ನೂಕಿ ಆಚೆ ಹಾರಿಸಿತು. ಮುಗಿದ ಮೇಲೆ ಗಡ್ಡದವರು ಕೇಳಿದರು: "ಮಧ್ಯದ ಆ ಏರಿಳಿತ ಬಿಟ್ಟು ಅಲ್ಲಿ ಮೌನ ಇಟ್ರಲ್ಲ. ಯಾಕೆ?" ಹುಟ್ಟಿದಾಗಿನಿಂದ ಇದ್ದ ಮನೆಗೆ ಯಾರೋ ಬಂದು, ನಡುಮನೆಗೂ ಅಡುಗೆಮನೆಗೂ ಮಧ್ಯೆ ಇರುವ ಆ ಕೋಣೆಗೆ ಯಾಕೆ ಹೋಗುವುದಿಲ್ಲ ಎಂದು ಕೇಳಿದ ಹಾಗಾಯಿತು. ಅಲ್ಲಿ ಏನೋ ಇದೆ ಎಂದು ಅವನಿಗೆ ಗೊತ್ತಾದದ್ದೇ ಆ ಪ್ರಶ್ನೆಯಿಂದ. "ಅಲ್ಲಿ ಮೌನ ಇದ್ರೆ ಚೆನ್ನ ಅನ್ನಿಸ್ತು, ಸರ್," ಎಂದ. ನಾಲಿಗೆ ಇಷ್ಟು ಸರಾಗವಾಗಿ ಹೊರಳುತ್ತದೆಂದು ಅವನೇ ಬೆರಗಾದ. ಗಡ್ಡ ಮೇಲೆ ಕೆಳಗೆ ಆಡಿತು. "ಈ ವಯಸ್ಸಿಗೆ ಬಿಡೋದು ಗೊತ್ತಿರೋದು ಅಪರೂಪ," ಎಂದು ಅವರು ಪಕ್ಕದವರಿಗೆ ಹೇಳಿದರು. ಪಕ್ಕದಾಕೆ ಪೆನ್ಸಿಲಿನಿಂದ ಏನೋ ಗೀಚಿ ಅಡಿಗೆರೆ ಎಳೆದಳು. ಓದಿದವರಿಗೆ 'ಗೊತ್ತಿಲ್ಲ' ಎನ್ನುವುದು ಮೀನಿನ ಮುಳ್ಳಿದ್ದ ಹಾಗೆ, ಗಂಟಲು ದಾಟುವುದಿಲ್ಲ. ಆದರೆ ಆವತ್ತು ಮುಳ್ಳನ್ನು ಗಂಟಲಲ್ಲಿ ಸಿಕ್ಕಿಸಿಕೊಂಡವನು ಓದದ ಅವನೇ. ವಾಣಿಜ್ಯ ಪದವಿಯನ್ನು ಓದು ಎನ್ನುವುದಾದರೆ ಮಾತು ಬೇರೆ. ಹೊರಗೆ ಪಡಸಾಲೆಯಲ್ಲಿ ಪಿಟೀಲು ಪೆಟ್ಟಿಗೆಗೆ ಇಡುತ್ತಿದ್ದಾಗ ಗಡ್ಡದವರು ಕನ್ನಡಕ ಒರೆಸುತ್ತ ಹಾದುಹೋದರು. ಹೋಗುತ್ತ, ತಮ್ಮ ಪಾಡಿಗೆ ತಾವು, ಅವನು ಬಿಟ್ಟ ಆ ಏರಿಳಿತವನ್ನು ಗುನುಗಿದರು. ಏರಿತು, ತೂಗಿತು, ಇಳಿಯಿತು. ಅವರ ಗಂಟಲು ಒಡಕು. ಆದರೂ ಅವನ ಕಿವಿ ಒಂದು ಸಲ ಹಿಡಿದದ್ದನ್ನು ಬಿಡುವ ಜಾತಿಯದಲ್ಲ.

"ಆ ಇಸ್ತ್ರಿ ಪೆಟ್ಟಿಗೆ ಮೇಲೆ ಕೂತ್ಕೋಬೇಡ," ಅಮ್ಮ ಹೇಳಿದಳು. ಅವನು ಅಷ್ಟರಲ್ಲಿ ಬಚ್ಚಲು ಬಿಟ್ಟು ಅಡುಗೆಮನೆಗೆ ಬಂದು, ನೋಡದೆ, ಮೇಜಿನ ಅಂಚಿಗೆ ಒರಗಿದ್ದ. ಮೂರು ಕರಿ ಕೋಟುಗಳು ಕುರ್ಚಿಗಳ ಮೇಲೆ ಶೋಕಸಭೆಗೆ ಬಂದವರಂತೆ ಕೂತಿದ್ದವು. ಅಮ್ಮ ನಾಲ್ಕನೆಯ ಕುರ್ಚಿ ಎಳೆದುಕೊಟ್ಟಳು. ಸುಮ್ಮನೆ ಮಾತಿಗೆಂದು ಅವನು ಕೇಳಿದ: "ಅಮ್ಮ, ಆ ಕುಣಿತದ ಹಾಡಿನ ಕ್ಯಾಸೆಟ್ಟು ಯಾವಾಗ ಮಷೀನಿಗೆ ಸಿಕ್ಕಿಬಿದ್ದಿದ್ದು?"

"ಯಾವ ಮಷೀನು? ನಿಮ್ಮಪ್ಪನೇ ಕತ್ತರಿಸಿದ್ದು. ನನ್ನ ಉಗುರು ಕತ್ತರೀಲಿ. ಆಮೇಲೆ ಅದು ಉಗುರಿಗೆ ಬರ್ಲಿಲ್ಲ."

"ಅಪ್ಪಾನಾ?"

"ನಿಂಗೆ ಗೊತ್ತಿರ್ಲಿಲ್ವಾ?" ಅಮ್ಮ ಕೋಟಿನ ಕಾಲರಿಗೆ ನೀರು ಚಿಮುಕಿಸಿದಳು. "ನೀನು ಹೊಟ್ಟೇಲಿದ್ದೆ. ಒಂದು ಏರಿಳಿತ ಇತ್ತು ಅಲ್ಲಿ. ಬೆಳಗಾದ್ರೆ ಅದೇ, ಸಂಜೆಯಾದ್ರೆ ಅದೇ. ಮೇಲಿನ ಮನೆಯವ್ರು ಕೋಲಲ್ಲಿ ನೆಲ ಕುಟ್ಟೋರು. ಅವ್ರು ತಾಳಕ್ಕೆ ಸರಿಯಾಗೇ ಕುಟ್ತಿದ್ರು, ನಿಮ್ಮಪ್ಪನೇ ತಪ್ತಿದ್ರು. ಒಂದಿನ ಮೀನು ಕುಯ್ಯೋ ಹಾಗೆ ಕ್ಯಾಸೆಟ್ ಬಿಚ್ಚಿ, ಅಷ್ಟನ್ನ ಕತ್ತರಿಸಿ ಬಿಸಾಕಿ, ಅಂಟುಪಟ್ಟಿ ಹಚ್ಚಿ, ಈಗ ಸರಿಹೋಯ್ತು ಅಂದ್ರು. ನಂಗೂ ಸರಿಹೋಯ್ತು. ನೆಮ್ಮದಿಯಾಗಿ ನಿದ್ದೆ ಬಂತು."

"ಚಿಕ್ಕಪ್ಪಂಗೆ ಗೊತ್ತಾ?"

"ಅವನಾ? ಆಗಿನ್ನೂ ಎಮ್ಮೆ ಹಿಡಿಯೋದು ಕಲೀತಿದ್ದ. ಮೋರಿ ಇದೆ ಅಂದ್ರು, ಹಾರಿದ."

"ನಂಗ್ಯಾಕೆ ಯಾರೂ ಹೇಳ್ಲಿಲ್ಲ?"

ಅಮ್ಮ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಅವನನ್ನು ನೋಡಿದಳು. "ಯಾವ ಮನೇಲಿ ಅಪ್ಪ ಮಗನ್ನ ಕೂರಿಸ್ಕೊಂಡು, ನಂಗೆ ಬರದೇ ಇದ್ದಿದ್ದು ಇದು ನೋಡಪ್ಪಾ ಅಂತ ಹೇಳಿಕೊಡ್ತಾನೆ? ಕಾಲುಚೀಲ ಹೊಸದು ತಗೋ. ಹೋಗೋದಾದ್ರೆ ಬೇಕಾಗುತ್ತೆ. ಹೋಗ್ದೇ ಇದ್ರೂ ಬೇಕಾಗುತ್ತೆ, ಹೆಬ್ಬೆರಳು ಹೊರಗೆ ಬಂದು ಊರು ನೋಡ್ತಿದೆ."

ಹಾಗಾದರೆ ಕಾಲೇಜಿಗೆ ಆಯ್ಕೆಯಾದದ್ದು ಯಾರು? ಬಸ್ಸು ಕಾಯುತ್ತ ಅವನು ಲೆಕ್ಕ ಹಾಕಿದ. ಅಮ್ಮನ ಉಗುರು ಕತ್ತರಿ ಆಯ್ಕೆಯಾಗಿದೆ. ಅದಕ್ಕೆ ಹಾಸ್ಟೆಲಿನಲ್ಲಿ ಒಂದು ಮಂಚ ಕೊಡಲಿ. ತಾನು ಅಪ್ಪನ ಸೋಲನ್ನು ಎತ್ತಿಕೊಂಡು ಹೋಗಿ, ಇದು ನನ್ನ ಮೌನ ಎಂದು ಗಡ್ಡದವರಿಗೆ ಮಾರಿ ಬಂದಿದ್ದೇನೆ. ಕೊಂಡವರು ಮೆಚ್ಚಿ ತಲೆದೂಗಿದ್ದಾರೆ. ಅವನಿಗೆ ಸಿಟ್ಟು ಬಂತು. ಗಡ್ಡದವರ ಮೇಲೆ, ಅಪ್ಪನ ಮೇಲೆ, ಕಾರಣವಿಲ್ಲದೆ ಮೇಲಿನ ಮನೆಯವರ ಕೋಲಿನ ಮೇಲೆ. ಇಪ್ಪತ್ತು ವರ್ಷ ತಾನು ಮೋರಿ ಎಂದುಕೊಂಡು ಹಾರಿದ್ದು ಮೋರಿಯಲ್ಲ, ಅಪ್ಪ ಹತ್ತಲಾಗದ ಮೆಟ್ಟಿಲು. ಅದು ಗೊತ್ತಿದ್ದೂ ಅಪ್ಪ ದಿನಾ ಮಧ್ಯಾಹ್ನ, ಅನ್ನ ತಿನ್ನುವವರ ನಡುವೆ ನಿಂತು, ಹಿಮ್ಮಡಿ ಎತ್ತಿ, ಏನೂ ಇಲ್ಲದ ಹಾಗೆ ದಾಟಿದ್ದಾನೆ. ಬಸ್ಸು ಬಂತು. ಎಮ್ಮೆಯನ್ನು ಹಿಂಬಾಗಿಲಿನಿಂದ ಹತ್ತಿಸಲು ಮೂವರೂ ಎಂದಿನಂತೆ ಹೆಣಗಿದರು. ಕಂಡಕ್ಟರು ಎಂದಿನಂತೆ, "ಇವರಿಗೆ ಟಿಕೆಟ್ಟು?" ಎಂದ. ಚಿಕ್ಕಪ್ಪ ಎಂದಿನಂತೆ, "ಬಸುರಿ ಹೆಂಗ್ಸು, ಸೀಟು ಬಿಡ್ಸಿ" ಎಂದ. ಅಪ್ಪ ಕಿಟಕಿ ಪಕ್ಕ ಕೂತು, ಪಿಟೀಲಿನ ಪೆಟ್ಟಿಗೆಯ ಮೇಲೆ ಎಡಗೈ ಇಟ್ಟಿದ್ದ. ಅವನು ಆ ಬೆರಳುಗಳನ್ನೇ ನೋಡಿದ. ತುದಿಗಳು ತಂತಿ ಒತ್ತಿ ಒತ್ತಿ ಚಪ್ಪಟೆಯಾಗಿ, ಗಟ್ಟಿಯಾಗಿ, ಬೇರೆ ಯಾರದೋ ಬೆರಳಿಗೆ ಹಾಕಿದ ಟೋಪಿಯಂತಿದ್ದವು. ಕಿರುಬೆರಳು ಬಸ್ಸಿನ ಕುಲುಕಿಗೋ ಯಾವುದಕ್ಕೋ ಪೆಟ್ಟಿಗೆಯ ಮೇಲೆ ಮೆಲ್ಲಗೆ ಆಡುತ್ತಿತ್ತು. ಅಪ್ಪ ತಿರುಗಿದ. "ಏನೋ?" "ಏನಿಲ್ಲ." 'ಏನಿಲ್ಲ' ಎನ್ನುವುದೂ 'ನಿನ್ನಿಷ್ಟ'ದ ದಾಯಾದಿಯೇ. ಇಬ್ಬರೂ ಒಂದೇ ಮನೆಯಲ್ಲಿ ಬೆಳೆದವರಲ್ಲವೇ.

ಮಧ್ಯಾಹ್ನ ಹೋಟೆಲಿನ ಊಟದ ಹಾಲ್ ಜನರಿಂದ ತುಂಬಿತ್ತು. ಕಂಬದ ಪಕ್ಕ ಸೂಪನ್ನು ಊದಿ ಊದಿ ಕುಡಿಯುವ ಒಬ್ಬ ದಪ್ಪಗಿನವನು, ಕಿಟಕಿಗೆ ಬೆನ್ನು ಹಾಕಿ ಮಾತು ಬಿಟ್ಟ ಗಂಡಹೆಂಡತಿ, ರೈಲಿಗೆ ಹೊತ್ತಾದವರು, ರೈಲು ತಪ್ಪಿಸಿಕೊಂಡವರು. ಮೂವರೂ ಎರಡು ಹಾಡು ಮುಗಿಸಿ, ಬಾಲಕ್ಕೆ ತಲೆ ಅಂಟಿಸಿ, ಕುಣಿತದ ಹಾಡಿಗೆ ಬಂದರು. ಅವನು ಏನನ್ನೂ ನಿಶ್ಚಯಿಸಿರಲಿಲ್ಲ. ನಿಶ್ಚಯಿಸುವವನಾಗಿದ್ದರೆ ಬೆಳಿಗ್ಗೆಯೇ ಫೋನು ಮಾಡಿರುತ್ತಿದ್ದ. ಮೋರಿ ಬಂತು. ಮೂರು ಹಿಮ್ಮಡಿ ಎದ್ದವು. ಆಚೆಯಿಂದ ಧಂ ಕೇಳಿತು, ಅಪ್ಪನ ಕಾಲು ಆಚೆ ದಡಕ್ಕೆ ಊರಿತು, ಅವನ ಕಾಲು ಮಾತ್ರ ಎದ್ದಲ್ಲೇ ಇಳಿಯಿತು, ಮತ್ತು ಎರಡು ವಾರದಿಂದ ದವಡೆ, ಆಕಳಿಕೆ, ಕುದಿಯುವ ನೀರು ಎಲ್ಲದರಲ್ಲೂ ಬಚ್ಚಿಟ್ಟುಕೊಂಡಿದ್ದದ್ದು ಬೆರಳಿಗೆ ಬಂದುಬಿಟ್ಟಿತು. ಏರಿತು. ಚಿಕ್ಕಪ್ಪ ಆಚೆ ದಡದಲ್ಲಿ ಒಬ್ಬನೇ ಇನ್ನೊಂದು ಧಂ ಹೊಡೆದು, ಸಂತೆಯಲ್ಲಿ ಜೊತೆಯವರನ್ನು ಕಳೆದುಕೊಂಡವನಂತೆ ಹಿಂದಿರುಗಿ ನೋಡಿ, ಕೈ ನಿಲ್ಲಿಸಿದ. ಅಪ್ಪನ ಕಮಾನು ತಂತಿಯಿಂದ ಮೇಲೆದ್ದು ಗಾಳಿಯಲ್ಲಿ ನಿಂತಿತು. ಹಾಲಿನಲ್ಲಿ ಅವನೊಬ್ಬನ ಪಿಟೀಲೇ ಉಳಿಯಿತು. ತುದಿ ಮುಟ್ಟುವಾಗ ಅದು ತೂಗಿತು, ತೂಗಬೇಕಾದ್ದಕ್ಕಿಂತ ಹೆಚ್ಚೇ ತೂಗಿತು, ಸ್ವರ ಕಾಲು ಸೋತು ಕೆಳಗೆ ಸರಿಯಿತು. ಆಮೇಲೆ ಬಟಾಣಿ ಚೆಲ್ಲಿ ಇಳಿಯಿತು. ಅವನು ಆಚೆ ದಡಕ್ಕೆ ಬರುವ ತನಕ ಇಬ್ಬರೂ ಅಲ್ಲೇ ಕಾದಿದ್ದರು. ಬಂದ ಕೂಡಲೇ ಅಪ್ಪನ ಕಮಾನು ಇಳಿಯಿತು, ಎಮ್ಮೆ ನಡೆಯಿತು, ಸೂಪಿನವನು ತಟ್ಟೆಯಿಂದ ತಲೆ ಎತ್ತಿ ಮತ್ತೆ ತಗ್ಗಿಸಿದ. ಯಾರ ಮುಖವನ್ನೂ ನೋಡದೆ ಅವನು ಹಾಡು ಮುಗಿಸಿದ.

ಮೊದಲ ಪಂಕ್ತಿ ಎದ್ದು ಎರಡನೆಯದು ಕೂರುವ ನಡುವೆ ಅವರಿಗೆ ಅಡುಗೆಮನೆಯ ಮೂಲೆಯಲ್ಲಿ ಊಟ. ಗೋಣಿಚೀಲಗಳ ಪಕ್ಕ ಮೂರು ಸ್ಟೂಲು.

"ಏನಾಯ್ತೋ? ಮೋರಿಗೆ ಬಿದ್ಯಾ?" ಚಿಕ್ಕಪ್ಪ ಕೇಳಿದ.

"ಬಿದ್ದಿಲ್ಲ. ಇಳಿದೆ."

"ಇಳಿಯೋಕೆ ಅಲ್ಲಿ ಏನಿದೆ?"

"ಇತ್ತು," ಎಂದ ಅಪ್ಪ, ಬ್ರೆಡ್ಡು ಮುರಿಯುತ್ತ. ಚಿಕ್ಕಪ್ಪನ ಬಾಯಲ್ಲಿ ತುತ್ತು ನಿಂತಿತು. ಅಪ್ಪ ಬ್ರೆಡ್ಡನ್ನು ಇನ್ನೂ ಚಿಕ್ಕದಾಗಿ ಮುರಿದ, ತಿನ್ನಲಿಲ್ಲ. ಪಾತ್ರೆ ತೊಳೆಯುವ ಸದ್ದು ದೊಡ್ಡದಾಗಿತ್ತು, ಆ ಸದ್ದಿನ ಮರೆಯಲ್ಲೇ ಹೇಳಿದ: "ತುದೀಲಿ ಶ್ರುತಿ ಇಳೀತು ನಿಂದು."

"ಹೌದು."

"ನಂದೂ ಅಲ್ಲೇ ಇಳೀತಿತ್ತು. ಬೆರಳಿನ ತಪ್ಪಲ್ಲ ಅದು. ಮೊಣಕೈದಾ, ಉಸಿರಿಂದಾ, ಏನು ಅಂತ ನಂಗೆ ಕೊನೇವರೆಗೂ ಗೊತ್ತಾಗ್ಲಿಲ್ಲ. ಹೇಳೋರು ಯಾರೂ ಇರ್ಲಿಲ್ಲ." ಅಪ್ಪ ಬ್ರೆಡ್ಡಿನ ಚೂರುಗಳನ್ನು ತಟ್ಟೆಯ ಅಂಚಿಗೆ ಸಾಲಾಗಿ ಜೋಡಿಸಿದ. "ಗೊತ್ತಿರೋರು ಎಲ್ಲಾದ್ರೂ ಇದ್ರೆ ಕೇಳ್ಕೊಂಡು ಬಾ."

"ನಿನ್ನಿಷ್ಟ ಅಂದಿದ್ಯಲ್ಲ, ಅಪ್ಪ."

"ಅದು ನಿನ್ನಿಷ್ಟ. ನನ್ನಿಷ್ಟ ಏನು ಅಂತ ನೀನು ಕೇಳ್ಲೇ ಇಲ್ವಲ್ಲ."

ಚಿಕ್ಕಪ್ಪ ತುತ್ತು ನುಂಗಿದ. "ಒಂದ್ನಿಮಿಷ. ಇಷ್ಟು ವರ್ಷ ನಾನು ಹಾರಿದ್ದು ಏನನ್ನ?"

"ತಿನ್ನು, ಆರೋಗುತ್ತೆ," ಎಂದ ಅಪ್ಪ.

ಅಡುಗೆಮನೆಯ ಪಕ್ಕದ ಕ್ಯಾಷಿನ ಮೇಜಿನ ಫೋನು ಹಿಡಿದಾಗಲೂ ಅವನ ಕೈಗೆ ಕಮಾನಿಗೆ ಹಚ್ಚುವ ರಾಳದ ಪುಡಿ ಅಂಟಿತ್ತು. ಆ ಕಡೆ ಆಫೀಸಿನ ಹೆಂಗಸು ಹೆಸರು ಕೇಳಿದಳು, ಹೇಳಿದ. ಬರುತ್ತೀರಾ ಎಂದು ಕೇಳಿದಳು. ಮೊದಲು ಒಂದು ಮಾತು ಇದೆ ಎಂದ. ಗಡ್ಡದ ಮೇಷ್ಟ್ರು ಮೆಚ್ಚಿದ್ದು ಮೌನವಲ್ಲ, ಆವತ್ತು ತಾನು ಧಂ ಎನ್ನುವುದಕ್ಕೆ ಕಾಯುತ್ತ ಪೆದ್ದನಂತೆ ನಿಂತಿದ್ದೆ, ಆ ತುಣುಕು ತನಗೆ ಗೊತ್ತೇ ಇರಲಿಲ್ಲ, ಈಗ ಗೊತ್ತಿದೆ, ಆದರೆ ನುಡಿಸಲು ಬರುವುದಿಲ್ಲ, ತುದಿಯಲ್ಲಿ ಶ್ರುತಿ ಇಳಿಯುತ್ತದೆ, ಇದನ್ನೆಲ್ಲ ಕೇಳಿದ ಮೇಲೂ ಕರೆಯುವುದಾದರೆ ಕರೆಯಲಿ ಎಂದು ಒಂದೇ ಉಸಿರಿಗೆ ಹೇಳಿದ. ಎರಡು ವಾರದ ಮುಳ್ಳು ಗಂಟಲು ಬಿಟ್ಟು ಹೊರಬಿತ್ತು. ಅವನು ಕಣ್ಣು ಮುಚ್ಚಿ ತೀರ್ಪಿಗೆ ಕಾದ.

"ಮೌನ ಗಿವ್ನ ಎಲ್ಲ ಮೇಷ್ಟ್ರ ಹತ್ರ ಮಾತಾಡ್ಕೊಳ್ಳಿ," ಎಂದಳು ಹೆಂಗಸು. "ನಂಗೆ ಬೇಕಾಗಿರೋದು ಇಷ್ಟೇ. ಬರ್ತೀರಾ, ಇಲ್ವಾ?"

"ಅವರಿಗೆ ಹೇಳ್ತೀರಾ?"

"ನೀವೇ ಹೇಳಿ. ಬಾಯಿದೆಯಲ್ಲ, ಚೆನ್ನಾಗೇ ಇದೆ. ಇನ್ನೂ ಜನ ಕಾಯ್ತಿದ್ದಾರೆ."

"ಬರ್ತೀನಿ," ಎಂದ.

ಫೋನು ಇಡುವ ಹೊತ್ತಿಗೆ ಹಾಲಿನಲ್ಲಿ ಎರಡನೇ ಪಂಕ್ತಿ ಕೂತು, ಅಪ್ಪ ಚಿಕ್ಕಪ್ಪ ಅವನಿಲ್ಲದೆಯೇ ಶುರು ಮಾಡಿದ್ದರು. ಅವನು ಅಡುಗೆಮನೆಯ ಬೀಸುಬಾಗಿಲನ್ನು ಭುಜದಿಂದ ಅರ್ಧ ತೆರೆದು ಅಲ್ಲೇ ನಿಂತ. ಹಿಂದೆ ತಟ್ಟೆ ಹಿಡಿದ ಸರ್ವರ್, "ದಾರಿ ಬಿಡಪ್ಪ, ಬಿಸಿ ಇದೆ" ಎಂದ. ಅವನು ಬಿಡಲಿಲ್ಲ. ಅದೇ ಕುಣಿತದ ಹಾಡು. ಒಂದು ಪಿಟೀಲಿಗೆ ಅದು ಸ್ವಲ್ಪ ದೊಗಲೆಯಾಗಿತ್ತು, ತಮ್ಮನಿಗೆ ತೊಡಿಸಿದ ಅಣ್ಣನ ಅಂಗಿಯ ಹಾಗೆ. ಮೋರಿ ಹತ್ತಿರ ಬಂತು. ಎರಡು ಹಿಮ್ಮಡಿ ಎದ್ದವು. ಧಂ ಬರಲಿಲ್ಲ. ಚಿಕ್ಕಪ್ಪ ಅಂಗೈಯನ್ನು ಎಮ್ಮೆಯ ತಂತಿಗಳ ಮೇಲೆ ಅಡ್ಡ ಇಟ್ಟು ಅಪ್ಪನ ಮುಖ ನೋಡುತ್ತಿದ್ದ. ಅಪ್ಪ ಕಮಾನನ್ನು ತಂತಿಯಿಂದ ಎತ್ತಿ, ಎಲ್ಲಿಯೂ ನೋಡದೆ, ಒಂಟಿಕಾಲಿನಲ್ಲಿ ನಿಂತಿದ್ದ. ಅಪ್ಪನ ಎಡಗೈಯ ಬೆರಳುಗಳು ಮಾತ್ರ ಸದ್ದಿಲ್ಲದೆ ತಂತಿಯ ಮೇಲೆ ಏರಿದವು. ಇಡೀ ಹಾಲಿನಲ್ಲಿ ಅಗಿಯುವ ಸದ್ದು ಕೇಳಿತು. ಅಗಿಯುತ್ತಿದ್ದವರಿಗೂ ಕೇಳಿತು. ಚಮಚಗಳು ಒಂದೊಂದಾಗಿ ನಿಂತವು. ಹಾಲಿನ ಆ ತುದಿಯಿಂದ ಮ್ಯಾನೇಜರು ಕೈ ಆಡಿಸುತ್ತ ಧಾವಿಸಿ ಬರುತ್ತಿದ್ದ. ಬೆರಳುಗಳು ತುದಿಗೆ ಹೋದವು, ತೂಗಿದವು, ಅವಸರವಿಲ್ಲದೆ ಇಳಿದವು. ಮ್ಯಾನೇಜರು ಮೇಜುಗಳ ನಡುವೆ ನುಸುಳಿ ಇವರನ್ನು ಮುಟ್ಟುವ ಮೊದಲೇ ಎಮ್ಮೆ ಧಂ ಎಂದಿತು, ಅಪ್ಪನ ಕಾಲು ಆಚೆ ದಡದಲ್ಲಿ ಊರಿತು.